ಒಲ್ಲೆ ಅನ್ನುತ್ತಿದ್ದ ಕಾಕು

ತೀನ್ ಪತ್ತಿ ಆಡುವವರು ಮೂರು ಎಲೆ ಕೈಗೆ ಬಂದ ಕೂಡಲೇ ಬೀಸಣಿಗೆಯ ಹಾಗೆ ಬಿಚ್ಚಿ ನೋಡುತ್ತಾರೆ. ಕಾಕು ಹಾಗಲ್ಲ. ಮೂರನ್ನೂ ಒಂದರ ಮೇಲೊಂದು ಜೋಡಿಸಿ, ಸೆರಗಿನ ಮರೆಯಲ್ಲಿ ಹೆಬ್ಬೆರಳಿನಿಂದ ಮೂಲೆ ಮಾತ್ರ ಎತ್ತಿ, ಅಕ್ಕಿಯಲ್ಲಿ ಹರಳಿದೆಯೇ ಎಂದು ನೋಡುವವರಂತೆ ನೋಡುತ್ತಿದ್ದರು. ಆಮೇಲೆ ಕೆಳಗಿಟ್ಟು, "ನಾ ಒಲ್ಲೆ" ಎನ್ನುತ್ತಿದ್ದರು. ಉಳಿದವರೆಲ್ಲ ಆಟದ ಭಾಷೆಯಲ್ಲಿ "ಪ್ಯಾಕ್" ಎಂದರೆ ಕಾಕುವಿನದು ಮಾತ್ರ "ಒಲ್ಲೆ". ಪಂಕ್ತಿಯಲ್ಲಿ ಎರಡನೇ ಸಲ ಬಡಿಸಲು ಬಂದವರಿಗೆ ಹೇಳುವ ದನಿ ಅದು. ಅದರಲ್ಲಿ ಬೇಸರ ಇರಲಿಲ್ಲ, ಹೊಟ್ಟೆ ತುಂಬಿದ ಸಮಾಧಾನ ಇತ್ತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎಲ್ಲರೂ ಮೊದಲು ನಡುವೆ ಒಂದೊಂದು ಹುಣಸೆ ಬೀಜ ಇಡಬೇಕು. ಆಮೇಲೆ ಮೂರು ಮೂರು ಎಲೆ ಹಂಚುತ್ತಾರೆ. ಕೈ ಚೆನ್ನಾಗಿದೆ ಅನ್ನಿಸಿದವರು ಮತ್ತೆ ಬೀಜ ಹಾಕಿ ಉಳಿಯುತ್ತಾರೆ, ಇಲ್ಲದವರು ಎಲೆ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ಕೊನೆಗೆ ಉಳಿದ ಇಬ್ಬರಲ್ಲಿ ಯಾರ ಎಲೆ ದೊಡ್ಡದೋ ರಾಶಿ ಅವರದು. ಉಳಿದವರೆಲ್ಲ ಬಿಟ್ಟು ಒಬ್ಬರೇ ಉಳಿದರೆ ಎಲೆ ತೋರಿಸದೆಯೇ ರಾಶಿ ಅವರದು. ಎಲೆ ನೋಡದೆಯೂ ಬೀಜ ಹಾಕಬಹುದು, ಅದು ಬ್ಲೈಂಡ್. ಬಂದ ಕೈಯನ್ನು ಆಡಬೇಕೋ ಬಿಡಬೇಕೋ ಎನ್ನುವುದನ್ನು ಮೊದಲ ನೋಟಕ್ಕೇ ತೀರ್ಮಾನಿಸಬೇಕು. ಕಷ್ಟವೆಲ್ಲ ಅಲ್ಲೇ.

ಬೀಜ ಬಿಟ್ಟು ಬೇರೇನನ್ನೂ ಕಾಕು ನಡುವೆ ಇಡಗೊಡುತ್ತಿರಲಿಲ್ಲ. ಜೈನರ ಮನೆ. ಸಪ್ತವ್ಯಸನಗಳಲ್ಲಿ ಜೂಜೇ ಮೊದಲನೆಯದು ಎಂದು ಎಲೆ ಕಲೆಸುತ್ತಲೇ ಹೇಳುತ್ತಿದ್ದರು. ಬಾಜೂ ಮನೆಯ ರೇಷ್ಮಾ, ಬಟ್ಟೆ ಹೊಲಿಯುವಾಕೆ, ಒಮ್ಮೆ "ರೂಪಾಯಿ ಇಟ್ಟು ಆಡೂಣ್ರಿ, ಮಜಾ ಬರ್ತೈತಿ" ಎಂದಳು. ಕಾಕು ಬೈಯಲಿಲ್ಲ. ಎಲೆಗಳನ್ನೆಲ್ಲ ಒಟ್ಟುಮಾಡಿ ಡಬ್ಬಿಗೆ ಹಾಕಿ ಒಳಗೆ ಹೋದರು. ಎಲ್ಲರಿಗೂ ಚಹಾ ತಂದುಕೊಟ್ಟರು. ಆ ದಿನ ಡಬ್ಬಿ ಮತ್ತೆ ತೆರೆಯಲಿಲ್ಲ.

ಸಂಕೇಶ್ವರದ ಸರಕಾರಿ ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ನಾನು ಮೊದಲ ಸಲ ನೌಕರಿಗೆ ಸೇರಿದಾಗ ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಕಾಕು ಎನ್ನುತ್ತಿದ್ದ ಇವರು ನನ್ನ ಮನೆಯೊಡತಿಯಾಗಿದ್ದರು. ಆಗಲೇ ಅರವತ್ತು ದಾಟಿದ್ದರು. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಪೇಟೆಯಲ್ಲಿದ್ದ ಅರಿವೆ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಮನೆಯ ಮುಂದೆ ಅಗಲವಾದ ಕಟ್ಟೆ, ಅದರ ಪಕ್ಕಕ್ಕೆ ಬೇರೆ ಬಾಗಿಲಿದ್ದ ಎರಡು ಕೋಣೆ. ಆ ಕೋಣೆಗಳನ್ನು ನೋಡಲು ಹೋದ ಸಂಜೆ ಅವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಊರು ಯಾವ್ದ್ರಿ?"

"ಯಮಕನಮರಡಿ."

"ಯಾರ ಪೈಕಿ?"

ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಅದಕ್ಕೂ ಮೊದಲು ನೋಡಿದ ಮನೆಗಳಲ್ಲಿ ಉತ್ತರ ಕೊಟ್ಟ ಮೇಲೆ, "ನಮ್ಮ ಬೀಗರು ಬರೂವ್ರದಾರ್ರಿ, ಕೋಣಿ ಖಾಲಿ ಇಲ್ಲ" ಎಂಬ ಮಾತು ಕೇಳಿ ತಿರುಗಿ ಬಂದಿದ್ದೆ. ಈ ಸಲ ಸುತ್ತಿ ಬಳಸಿ ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

"ನಾವು ಬೌದ್ಧರ್ರಿ."

ಕಾಕು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ನನ್ನ ಮುಖ ನೋಡಿದರು. "ಬಳ್ಳೊಳ್ಳಿ ತಿಂತೀರೇನು?"

"ತಿಂತೀನ್ರಿ."

"ಒಗ್ಗರಣಿ ಹಾಕೂ ಮುಂದ ಹಿತ್ತಲ ಕಡೀ ಕಿಡಕಿ ತೆರೀರಿ. ಕಟ್ಟಿ ಕಡೀದು ತೆರೀಬ್ಯಾಡ್ರಿ. ಸಾಮಾನು ಯಾವತ್ತ ತರ್ತೀರಿ?"

ಅಷ್ಟೇ ಮಾತು. ಆ ತಿಂಗಳಲ್ಲಿ ಕೋಣೆ ಕೇಳಿ ಬಂದ ಬಹಳ ಮಂದಿಯನ್ನು ಅವರು ಒಲ್ಲೆ ಎಂದು ಕಳಿಸಿದ್ದರೆಂದು ರೇಷ್ಮಾ ಆಮೇಲೆ ಹೇಳಿದಳು. ಅವರಲ್ಲಿ ಒಬ್ಬರು ಕಾಕುವಿನ ತವರಿನ ಕಡೆಯವರೇ ಅಂತೆ. ನನಗೆ ಯಾಕೆ ಹೂಂ ಅಂದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಧ್ಯಾಹ್ನ ಊಟ ಮುಗಿದು ಓಣಿಯ ಗಂಡಸರೆಲ್ಲ ಅಂಗಡಿ, ಫ್ಯಾಕ್ಟರಿ, ಹೊಲ ಎಂದು ಚದುರಿದ ಮೇಲೆ ಕಾಕುವಿನ ಕಟ್ಟೆಯಲ್ಲಿ ಚಾಪೆ ಬೀಳುತ್ತಿತ್ತು. ದಿನವೂ ಐದಾರು ಹೆಂಗಸರು. ನಾನು ಶನಿವಾರ, ರವಿವಾರ ಮಾತ್ರ. ನಾನು ಕೂತ ಮೊದಲ ದಿನ ಒಬ್ಬಾಕೆ ತನ್ನ ಚಾಪೆಯನ್ನು ಗೇಣಿನಷ್ಟು ಆಚೆ ಎಳೆದುಕೊಂಡಳು. ಕಾಕು ಅದನ್ನು ನೋಡಿದರು. ಒಳಗೆ ಹೋಗಿ, ಸೋಸಿ ಕಾಯಿಸಿ ಆರಿಸಿದ ನೀರಿನ ತಂಬಿಗೆ, ಲೋಟ ತಂದು ಮೊದಲು ನನಗೆ ಕೊಟ್ಟು, ನಾನು ಕುಡಿದಿಟ್ಟ ಲೋಟವನ್ನೇ ಎತ್ತಿ ತಾವೂ ಕುಡಿದರು. ಮುಂದಿನ ವಾರ ಆ ಚಾಪೆ ತನ್ನ ಜಾಗಕ್ಕೆ ಬಂದಿತ್ತು.

ಆದರೂ ನನ್ನೊಳಗಿನ ಅಳುಕು ಹೋಗಿರಲಿಲ್ಲ. ನಾನು ಆಡುತ್ತಿದ್ದ ರೀತಿಯಲ್ಲಿ ಅದು ಕಾಣುತ್ತಿತ್ತು. ಎಂಥ ಕೈ ಬಂದರೂ ನಾನು ಬಿಡುತ್ತಿರಲಿಲ್ಲ. ಎರಡು, ಐದು, ಒಂಬತ್ತು, ಒಂದಕ್ಕೊಂದು ಸಂಬಂಧವಿಲ್ಲದ ಎಲೆಗಳು, ಆದರೂ ಬೀಜ ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೇ ನನ್ನ ಬೀಜದ ಡಬ್ಬಿ ಖಾಲಿಯಾಗುತ್ತಿತ್ತು. ಕಾಕು ಕೆಲವು ವಾರ ಸುಮ್ಮನೆ ನೋಡಿದರು. ಒಂದು ರವಿವಾರ ಎಲ್ಲರೂ ಎದ್ದುಹೋದ ಮೇಲೆ ಕೇಳಿದರು. ಅಷ್ಟೊತ್ತಿಗೆ ನನಗೆ "ರಿ" ಹಚ್ಚುವುದನ್ನು ಬಿಟ್ಟಿದ್ದರು.

"ಅಂಥಾ ಎಲಿ ಹಿಡಕೊಂಡು ಯಾಕ ಆಡ್ತಿ?"

"ಬಿಟ್ರ ಸುಮ್ನ ಕುಂದರಬೇಕಲ್ರಿ ಕಾಕು."

"ಕುಂದರು. ಎಲಿ ಇಟ್ರ ಆಟದಿಂದ ಹೊರಗಾಗ್ತಿ. ಕಟ್ಟಿಯಿಂದ ಹೊರಗಾಗೂದಿಲ್ಲ."

ಚಾಪೆ ಸುತ್ತುತ್ತ ಹೇಳಿದ ಮಾತು. ಮುಂದಿನ ಶನಿವಾರ ಮೊದಲ ಸಲ ಎಲೆ ಕೆಳಗಿಟ್ಟೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ರೇಷ್ಮಾ ತನ್ನ ಪಾಲಿನ ಹುರಿದ ಶೇಂಗಾದಲ್ಲಿ ಅರ್ಧವನ್ನು ನನ್ನ ಕಡೆ ಸರಿಸಿದಳು. ಆಡದೆ ಕೂತು ಆಟ ನೋಡುವುದರಲ್ಲೂ ಒಂದು ಸುಖವಿದೆ ಎಂದು ನನಗೆ ತಿಳಿದದ್ದು ಆಗ.

ಕಾಕು ನನಗೆ ಆಟ ಕಲಿಸಿದರು ಎನ್ನುವುದಕ್ಕಿಂತ ಆಗಾಗ ಒಂದೊಂದು ಮಾತು ಬೀಳಿಸಿದರು ಎನ್ನಬೇಕು. "ಎಲಿ ಆಮ್ಯಾಲ ನೋಡು, ಮೊದಲ ಮಂದಿ ನೋಡು. ಆರು ಮಂದಿ ಕುಂತಾಗ ಬರೇ ಒಬ್ಬ ರಾಜಾನ ಮ್ಯಾಲ ಭರೋಸಾ ಇಡಬ್ಯಾಡ. ಮೂರ ಮಂದಿ ಇದ್ರ ಅದ ರಾಜಾ ಖರೇನ ರಾಜಾ." ಇನ್ನೊಮ್ಮೆ, "ಮೊದಲ ಮಾತಾಡೂ ಪಾಳಿ ಬಂದಾಗ ಕೈ ಗಟ್ಟಿ ಇರಬೇಕು. ಕಡೀಗೆ ಬಂದ್ರ ಎಲ್ಲಾರ ಮಾರಿ ನೋಡಿ ಮಾತಾಡಾಕ ಬರ್ತೈತಿ." ಪರ್ಯುಷಣದ ಉಪವಾಸದ ದಿನಗಳಲ್ಲಿ ಅವರು ಎಲೆ ಮುಟ್ಟುತ್ತಿರಲಿಲ್ಲ. ಆದರೂ ಕಟ್ಟೆಗೆ ಬಂದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನನ್ನ ಹಿಂದೆ ಕೂರುತ್ತಿದ್ದರು. ನಾನು ಬಿಡಬೇಕಾದ ಕೈಯನ್ನು ಆಡಹೊರಟರೆ ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳುತ್ತಿತ್ತು. "ಉಪಾಸ ಮಾಡಾಕಿ ಕೆಮ್ಮಬಾರದು!" ಎಂದು ಎದುರಿನಿಂದ ನೀಲಕ್ಕ ಕೂಗುತ್ತಿದ್ದರು.

ನೀಲಕ್ಕನ ವಿಷಯ ಹೇಳದೆ ಕಾಕುವಿನ ವಿಷಯ ಹೇಳಲಾಗದು. ಓಣಿಯ ಆಚೆ ಬದಿಯಲ್ಲಿ ಅವರ ಹಿಟ್ಟಿನ ಗಿರಣಿ ಇತ್ತು. ಗಂಡ ಹೆಂಡತಿ ಇಬ್ಬರೂ ನಿಂತು ನಡೆಸುತ್ತಿದ್ದರು. ವರ್ಷಗಟ್ಟಲೆ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನೀಲಕ್ಕನ ದನಿ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದಾಗಿತ್ತು. ಗುಟ್ಟು ಹೇಳಿದರೂ ಮೂರು ಮನೆಗೆ ಗೊತ್ತಾಗುತ್ತಿತ್ತು. ಆಟದಲ್ಲಿ ಅವರು ಕಾಕುವಿಗೆ ಪೂರಾ ಉಲ್ಟಾ. ಎಲೆ ನೋಡುವ ಗೊಡವೆಗೇ ಹೋಗದೆ ಬ್ಲೈಂಡ್ ಆಡುತ್ತಿದ್ದರು. ಎಲ್ಲ ಕೈಗೂ ಬೀಜ ಬೀಳಲೇಬೇಕು. ಒಂದು ಸಲ ರಾಶಿಯೆಲ್ಲ ಬಾಚಿಕೊಂಡರೆ ಇನ್ನೊಂದು ಸಲ ಡಬ್ಬಿ ಖಾಲಿ. ಎರಡಕ್ಕೂ ಅಷ್ಟೇ ಜೋರಾಗಿ ನಗುತ್ತಿದ್ದರು.

"ಬೀಜ ಇರೂದ ಹಾಕಾಕ. ಡಬ್ಬ್ಯಾಗ ಇಟ್ಕೊಂಡು ಕುಂತ್ರ ಮೊಳಕಿ ಒಡೀತಾವೇನು?" ಎನ್ನುತ್ತಿದ್ದರು ನೀಲಕ್ಕ.

"ಗಿರಣಿಗೆ ಜ್ವಾಳಾ ಸುರುವಿಧಂಗ ಸುರುವ್ತಿ ನೋಡು," ಎನ್ನುತ್ತಿದ್ದರು ಕಾಕು. "ಕೈಯಾಗ ಏನು ಬಂದೈತಿ ಅಂತ ನೋಡೂ ತಾಳ್ಮಿ ಬ್ಯಾಡೇನು?"

"ನೀ ತಾಳ್ಮಿಲೇ ಕುಂತಿ ಅಂತನ ಆಟಕ್ಕ ಸೂತಕ ಹಿಡದಂಗ ಆಕ್ಕೈತಿ!"

ನೀಲಕ್ಕ ಹೇಳಿದ್ದರಲ್ಲಿ ನಿಜವಿತ್ತು. ಕಾಕು ಅಪರೂಪಕ್ಕೆ ಬೀಜ ಹಾಕಿದರೆಂದರೆ ಸುತ್ತಲಿನವರೆಲ್ಲ ಅಂಜಿ ಎಲೆ ಕೆಳಗಿಡುತ್ತಿದ್ದರು. ಎಕ್ಕಾಗಳ ಜೋಡಿ ಹಿಡಿದು ಕೂತ ಕಾಕುವಿಗೆ ಮೊದಲಿಟ್ಟ ನಾಲ್ಕಾರು ಬೀಜ ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲ. "ನಿಮ್ಮ ಚಲೋ ಕೈ ಎಲ್ಲಾ ಹಿಂಗ ದಂಡ ಆಗಾಕತ್ತಾವಲ್ರಿ" ಎಂದು ನಾನು ಕೇಳಿದ್ದಕ್ಕೆ, "ಆಗ್ಲಿ ಬಿಡು. ಅಂಜತಾರಲ್ಲ, ಅದೂ ಒಂದು ಗಳಿಕಿ" ಎಂದರು. ಅದರ ಅರ್ಥ ತಿಳಿಯಲು ದೀಪಾವಳಿಯ ರಜೆ ಬರಬೇಕಾಯಿತು. ಆ ದಿನ ಕಾಕು ಒಂದರ ಹಿಂದೊಂದು ಬೀಜ ಹಾಕುತ್ತ ಹೋದರು. ನಾವೆಲ್ಲ ಬಿಟ್ಟೆವು. ನೀಲಕ್ಕ ಎಂದೂ ಇಲ್ಲದ್ದು ಎಲೆ ಎತ್ತಿ ನೋಡಿ, ಗೊಣಗಿ, ಅವರೂ ಬಿಟ್ಟರು. ದೊಡ್ಡ ರಾಶಿ. ಕಾಕು ಬೀಜಗಳನ್ನು ಎಳೆದುಕೊಳ್ಳುವಾಗ ತಮ್ಮ ಎಲೆಗಳನ್ನು ನನಗಷ್ಟೇ ಕಾಣುವಂತೆ ವಾಲಿಸಿದರು. ಮೂರು, ಆರು, ಎಂಟು. ಏನೂ ಇಲ್ಲ. ಮುಖದಲ್ಲಿ ಬಸದಿಯಿಂದ ಈಗ ತಾನೇ ಬಂದವರ ಶಾಂತಿ.

ಇಷ್ಟು ಬಿಗಿಯಾಗಿ ಯಾಕೆ ಆಡುತ್ತೀರಿ ಎಂದು ಒಂದು ದಿನ ಕೇಳಿದೆ. ಅವರು ಶಾವಿಗೆ ಒಣಹಾಕುತ್ತಿದ್ದರು.

"ಲಗ್ನ ಆಗಿ ಈ ಮನಿಗೆ ಬಂದಾಗ ತುಂಬಿದ ಮನಿ. ಅತ್ತಿ, ನೆಗೆಣ್ಯಾರು, ಅಂಗಡಿ ಆಳುಗೋಳು. ಹಸಿವಿ ಇಲ್ದಿದ್ರೂ ಉಣ್ಣು ಅಂದ್ರ ಹೂಂ, ಹಸದಾಗ ಉಪಾಸ ಅಂದ್ರ ಹೂಂ. ತವರಿಗೆ ಮುಂದಿನ ವರ್ಷ ಹೋಗುವಂತಿ ಅಂದ್ರ ಹೂಂ. ಕೆಟ್ಟ ಮಂದಿ ಅಲ್ಲ ಅವರು. ಖರೆ ನನಗ ಒಲ್ಲೆ ಅನ್ನೂ ಮಾತ ಬಾಯಾಗ ಬರ್ತಿದ್ದಿಲ್ಲ." ಶಾವಿಗೆಯ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತ ನಕ್ಕರು. "ಅತ್ತಿ ಹೋದ ಮ್ಯಾಲ ನೀಲಾ ಈ ಎಲಿ ತಂದಳು. ಮೊದಲನೇ ದಿನ ಕೈಯಾಗ ಎಂಥಾದೋ ಎಲಿ ಬಂತು. ಬ್ಯಾಡಾಗಿದ್ರ ಇಡಬಹುದು ಅಂದಳು. ಇಟ್ಟೆ. ಒಲ್ಲೆ ಅಂದೆ. ಯಾರೂ ಸಿಟ್ಟಾಗಲಿಲ್ಲ ನೋಡು! ಎಷ್ಟು ಹಿತ ಆತು ಅಂತೀ."

ಮೂರನೆಯ ವರ್ಷ ಬೇಸಿಗೆ ರಜೆಗೆ ಸ್ವಲ್ಪ ಮೊದಲು ನೀಲಕ್ಕನಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ಗಿರಣಿಯಲ್ಲಿ ಜೋಳ ಸುರಿಯುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕುಸಿದರು. ಬೆಳಗಾವಿಯ ಆಸ್ಪತ್ರೆಯಿಂದ ತಿರುಗಿ ಮನೆಗೆ ಬಂದಾಗ ಬಲಗೈ ಎತ್ತಲು ಆಗುತ್ತಿರಲಿಲ್ಲ, ತುಟಿಯ ಒಂದು ಬದಿ ಜೋತುಬಿದ್ದಿತ್ತು, ಮಾತು ಹೋಗಿತ್ತು. ತಿಳಿವಳಿಕೆಯೆಲ್ಲ ನೆಟ್ಟಗಿದೆ, ಮಾತಾಡಿಸುತ್ತ ಇರಿ, ಮಾತು ಮೆಲ್ಲಗೆ ಬರಬಹುದು ಎಂದಿದ್ದರಂತೆ ಡಾಕ್ಟರು. ಆದರೆ ಯಾರಾದರೂ ಮಾತಾಡಿಸಲು ಹೋದರೆ ನೀಲಕ್ಕ ಗೋಡೆಯ ಕಡೆ ಹೊರಳುತ್ತಿದ್ದರು. ಬಾಯಿಂದ ಹೊರಡುವ ತೊದಲು ಸದ್ದು ಅವರಿಗೇ ಅಸಹ್ಯವಾಗಿತ್ತು. ಒಂದೆರಡು ಸಲ ಪ್ರಯತ್ನಿಸಿ ತುಟಿ ಬಿಗಿದುಕೊಂಡುಬಿಟ್ಟರು. "ಹೋಗಬ್ಯಾಡ್ರಿ, ಮಂದಿನ್ನ ಕಂಡ್ರ ಅಳ್ತಾಳ" ಎಂದು ಅವರ ಗಂಡ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಓಣಿಯಲ್ಲಿ ಗಿರಣಿಯ ಸದ್ದು ಕೇಳುತ್ತಿತ್ತು, ಅದರ ಮೇಲಿನ ದನಿ ಇರಲಿಲ್ಲ.

ಕಟ್ಟೆಯೂ ಬರಿದಾಯಿತು. ಒಬ್ಬಾಕೆಯ ಗಂಡನಿಗೆ ವರ್ಗವಾಗಿ ಊರು ಬಿಟ್ಟಿದ್ದರು. ಲಗ್ನದ ದಿನಗಳು, ರೇಷ್ಮಾಗೆ ಹೊಲಿಗೆಯಿಂದ ತಲೆ ಎತ್ತಲು ಆಗುತ್ತಿರಲಿಲ್ಲ. ನಾನೂ ರಜೆಗೆಂದು ಯಮಕನಮರಡಿಗೆ ಹೋದೆ. ಹೋದ ಎರಡನೆಯ ವಾರ ಕಾಕು ಫೋನ್ ಮಾಡಿದರು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಏನ್ ಮಾಡಾಕತ್ತಿ?"

"ಅವ್ವನ ಕೂಡ ಶಂಡಿಗಿ ಹಾಕಾಕತ್ತೇನ್ರಿ ಕಾಕು."

"ನಾಳೆ ಬಾ. ಇಬ್ಬರ ಇದ್ರ ಆಟ ಕಟ್ಟೂದಿಲ್ಲ, ಮೂರನೇಕಿ ಬೇಕು."

"ಇಬ್ಬರು ಅಂದ್ರ ಯಾರ್ರಿ?"

"ನಾನು, ನೀಲಾ."

ಮರುದಿನ ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಕಾಕು ಎಲೆಯ ಡಬ್ಬಿ, ಬೀಜದ ಚೀಲ, ತಮ್ಮ ಸೋಸಿದ ನೀರಿನ ಬಾಟ್ಲಿ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಯಾರ ಮನೆಗೂ ಆಡಲು ಹೋದವರಲ್ಲ. ಗಿರಣಿಯ ಬಾಗಿಲಲ್ಲಿ ನೀಲಕ್ಕನ ಗಂಡ ಎಂದಿನ ಮಾತು ಶುರುಮಾಡಿದರು. ಕಾಕು ನಿಲ್ಲಲಿಲ್ಲ. "ಅತ್ರ ಅಳಲಿ. ಅಳೂದೂ ಬಾಯಿಲೇ ಅಲ್ಲೇನ್ರಿ" ಎಂದು ಒಳಗೆ ನಡೆದರು.

ನೀಲಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಕು ಏನೂ ವಿಚಾರಿಸಲಿಲ್ಲ. ಗಿರಣಿಯಿಂದ ಒಂದು ಬುಟ್ಟಿ ತುಂಬ ಜೋಳ ತರಿಸಿ ಮಂಚದ ಮೇಲೆ ಇಟ್ಟರು. ಎಲೆ ಹಂಚಿ, ನೀಲಕ್ಕನ ಮೂರು ಎಲೆಗಳನ್ನು ಹೊರಳಿದರೆ ಅವರಿಗಷ್ಟೇ ಕಾಣುವಂತೆ ಜೋಳದಲ್ಲಿ ನೆಟ್ಟರು. ಒಂದೇ ಕೈಯವರಿಗೆ ಎಲೆ ಹಿಡಿಯುವ ಕಷ್ಟವಿಲ್ಲ. "ನೀಲಾ, ಆಡ್ತೀಯೋ ಬಿಡ್ತೀಯೋ?" ಉತ್ತರ ಬರಲಿಲ್ಲ. ಕಾಕು ಸ್ವಲ್ಪ ಕಾದು, "ಬ್ಲೈಂಡ್ ಅಂತ" ಎಂದು ನೀಲಕ್ಕನ ಪರವಾಗಿ ತಾವೇ ಬೀಜ ಹಾಕಿದರು. ಆಮೇಲೆ ತಮ್ಮ ಎಲೆ ನೋಡಿಕೊಂಡು ತಮ್ಮದೂ ಹಾಕಿದರು. ಕೊನೆಗೆ ಎಲೆ ತೋರಿಸಿದಾಗ ಅವರ ಕೈಯಲ್ಲಿ ಇದ್ದದ್ದು ಎರಡು, ನಾಲ್ಕು, ಹತ್ತು. ಕಾಕು ಅಂಥ ಕೈ ಆಡಿದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಕೈಯೂ ಹಾಗೇ. ಅದರ ಮುಂದಿನದೂ. ಒಂದನ್ನೂ ಬಿಡಲಿಲ್ಲ.

"ಕಾಕು, ಅದೆಂಥಾ ಎಲಿ ಆಡಿದ್ರಿ?" ಎಂದು ನಾನು ಬಾಯಿ ತೆರೆದೆ. ಅವರು ಕಣ್ಣಿನಲ್ಲೇ ಗದರಿದರು.

ಹೀಗೇ ನಡೆಯಿತು. ನಾನು ದಿನಾ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆ ತಿರುಗಿ ಹೋಗುತ್ತಿದ್ದೆ. ಕಾಕು ಹೊತ್ತು ಮುಳುಗುವ ಮುಂಚೆ ಉಣ್ಣುವವರು, ಆ ಲೆಕ್ಕಕ್ಕೆ ಆಟ ಮುಗಿಯುತ್ತಿತ್ತು. ಕೆಲವು ದಿನ ಕಳೆದ ಮೇಲೆ ನೀಲಕ್ಕ ಗೋಡೆ ಬಿಟ್ಟು ನಮ್ಮ ಕಡೆ ಹೊರಳಿದರು. ಆಮೇಲೆ ದಿಂಬಿಗೆ ಒರಗಿ ಕೂತರು. ಬೇಡದ ಕೈ ಬಂದರೆ ಎಡಗೈಯಿಂದ ಬುಟ್ಟಿಯನ್ನು ದೂಡುತ್ತಿದ್ದರು. ಎಲೆ ನೋಡಿ ಬಿಡುವುದನ್ನು ಅವರು ಕಲಿತಿದ್ದರು. ಕಾಕು ಮಾತ್ರ ಎಲ್ಲ ಕೈ ಆಡುತ್ತಲೇ ಇದ್ದರು, ಅದೂ ಸೆರಗಿನ ಮರೆಯಿಲ್ಲದೆ. ಎಲೆಗಳನ್ನು ನೀಲಕ್ಕನಿಗೆ ಕಾಣುವಂತೆ ವಾಲಿಸಿ ಹಿಡಿದು, ಎಷ್ಟು ಕೆಟ್ಟದಿದ್ದರೆ ಅಷ್ಟು ಜೋರಾಗಿ ಬೀಜ ಎಸೆಯುತ್ತಿದ್ದರು. ನೀಲಕ್ಕನ ಹುಬ್ಬು ಗಂಟಿಕ್ಕುತ್ತಿತ್ತು. ಮೂಗಿನಿಂದ ಉಸಿರು ಬುಸ್ಸೆನ್ನುತ್ತಿತ್ತು. ಕಾಕು ಕಂಡೂ ಕಾಣದವರಂತಿದ್ದರು.

ಒಂದು ದಿನ ನನ್ನ ಕೈಯಲ್ಲಿ ರಾಜರ ಜೋಡಿ ಇತ್ತು. ನೀಲಕ್ಕ ಆಗಲೇ ಬುಟ್ಟಿ ದೂಡಿ, ಕಾಕುವಿನ ಎಲೆ ನೋಡುತ್ತ ಕೂತಿದ್ದರು. ನಾನು ಬೀಜ ಹಾಕಿದೆ, ಕಾಕು ಹಾಕಿದರು. ಮತ್ತೆ ಹಾಕಿದೆ, ಮತ್ತೆ ಹಾಕಿದರು. ಅವರ ಬೀಜದ ಚೀಲದ ತಳ ಕಾಣುತ್ತಿತ್ತು. ಉಳಿದದ್ದನ್ನು ಬೊಗಸೆಯಲ್ಲಿ ಎತ್ತಿ ಸುರಿಯಲು ಹೋದರು. ನೀಲಕ್ಕನ ಎಡಗೈ ಬಂದು ಅವರ ಮೊಣಕೈ ಹಿಡಿಯಿತು.

"ಒ... ಒಯ್ಯೆ..."

ಕಾಕು ತಿರುಗಿದರು. "ಏನಂದಿ? ಕೇಳಲಿಲ್ಲ."

ನೀಲಕ್ಕನ ಕಣ್ಣಲ್ಲಿ ಸಿಟ್ಟು. ಜೋತ ತುಟಿಯನ್ನು ಎಳೆದೆಳೆದು, ಕತ್ತಿನ ನರ ಉಬ್ಬಿಸಿ, ಮತ್ತೆ ಹೇಳಿದರು. "ಒಲ್... ಲೆ. ಒಲ್ಲೆ ಅನ್!"

ಒಳಗೆ ಬರುತ್ತಿದ್ದ ಅವರ ಗಂಡ ಮುಖಕ್ಕೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಬಾಗಿಲಲ್ಲೇ ನಿಂತುಬಿಟ್ಟರು. ಕಾಕು ಮಾತ್ರ ಏನೂ ಆಗದವರಂತೆ ತಮ್ಮ ಎಲೆಗಳನ್ನು ಕೆಳಗಿಟ್ಟು, "ಹೂಂ. ಒಲ್ಲೆ" ಎಂದರು. "ಈಗ ಹಂಚೂ ಪಾಳಿ ಯಾರದು? ಬಾಯಿಲೇ ಹೇಳು."

ಹಿಂತಿರುಗುವಾಗ ಓಣಿ ದಾಟುವಲ್ಲಿ ಕಾಕು ನನ್ನ ಮುಂಗೈ ಹಿಡಿದುಕೊಂಡರು. ಕಟ್ಟೆಯ ಮೇಲೆ ಕೂತು ಬೀಜದ ಚೀಲದ ಬಾಯಿ ಕಟ್ಟಿದರು. ಆಮೇಲೆ ಹೇಳಿದರು:

"ಇಷ್ಟು ವರ್ಷ ನನ್ನ ಆಟ ನೋಡ್ಯಾಳ ಆಕಿ. ಸಮಾಧಾನ ಹೇಳಿದ್ರ ಆಕಿ ಬಾಯಿ ತೆರೀತಿದ್ದಿಲ್ಲ. ನಾ ತಪ್ಪು ಆಡಿದ್ರ ಸುಮ್ಮನ ಇರಾಕ ಆಗೂದಿಲ್ಲ ಆಕಿಗೆ, ಗೊತ್ತಿತ್ತು ನನಗ." ಓಣಿಯ ಆಚೆ ನೋಡಿ, ದನಿ ಇಳಿಸಿದರು. "ಖರೆ ಹೇಳ್ಲೇನು? ಎಲ್ಲಾ ಕೈ ಆಡೂದ್ರಾಗೂ ಮಜಾ ಐತಿ ಬೇ. ನೀಲಾಗ ಹೇಳಬ್ಯಾಡ ಮತ್ತ."

ನೀಲಕ್ಕನ ಮಾತು ತುಂಡು ತುಂಡಾಗಿ ಬಂತು. ಮೊದಲು ಬಂದದ್ದು ಬೈಗುಳ, ಆಮೇಲೆ ಮಕ್ಕಳ ಹೆಸರು, ಆಮೇಲೆ ವಾಕ್ಯಗಳು. ಮಳೆಗಾಲ ಮುಗಿಯುವಷ್ಟರಲ್ಲಿ ಕೋಲು ಹಿಡಿದು ಓಣಿ ದಾಟಿ ಕಟ್ಟೆಗೆ ಬರುವಂತಾದರು. ನಾಲಿಗೆ ಮೊದಲಿನಷ್ಟು ಹೊರಳುತ್ತಿರಲಿಲ್ಲ, ದನಿ ಮಾತ್ರ ಗಿರಣಿಯ ಸದ್ದನ್ನು ಮೀರುವಷ್ಟು ಮರಳಿತ್ತು.

ಮುಂದೆ ನನಗೆ ಮೂಡಲಗಿಗೆ ವರ್ಗವಾಯಿತು. ಗೋಕಾಕಿನಲ್ಲಿ ನನ್ನ ಮದುವೆಯಾದಾಗ ಇಬ್ಬರೂ ಒಂದೇ ಜೀಪಿನಲ್ಲಿ ಬಂದರು. ನಮ್ಮ ಪದ್ಧತಿಯ ಮದುವೆ, ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿ ಹಾರ ಹಾಕಿಕೊಂಡದ್ದಷ್ಟೇ. ಕಾಕು ಮೊದಲ ಸಾಲಿನಲ್ಲಿ ಕೈಮುಗಿದು ಕೂತು ಪೂರ್ತಿ ಕೇಳಿದರು. ನನ್ನ ಅವ್ವ ಅವರಿಗಾಗಿ ಬೇರೆ ಒಲೆಯ ಮೇಲೆ ಬಳ್ಳೊಳ್ಳಿ ಇಲ್ಲದ ಅಡುಗೆ ಮಾಡಿಸಿದ್ದಳು. ಹೋಗುವಾಗ ಕಾಕು ನನ್ನ ಗಂಡನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿ, ನನ್ನ ಕಿವಿಯಲ್ಲಿ, "ಇದು ಆಡೂ ಕೈ" ಎಂದರು.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಬೆಳಗ್ಗೆ ಬಸದಿಗೆ ಹೋಗಿ ಬಂದು, ಸೊಸೆಗೆ ಬಿಸಿನೀರು ಕೇಳಿ, ಅದು ಬರುವುದರೊಳಗೆ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯವರನ್ನು ಮಾತಾಡಿಸಿ ನೀಲಕ್ಕನ ಮನೆಗೆ ಹೋದೆ. ಅಳುತ್ತಾರೆಂದು ಅಂಜಿಯೇ ಹೋದೆ. ಅವರು ಮಂಚದ ಮೇಲೆ ಕೂತು ಕಾಳು ಆರಿಸುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಊಟವಾಯಿತೇ ಎಂದು ಕೇಳಿ, ಆಮೇಲೆ ಬಹಳ ದಿನದಿಂದ ಯಾರಿಗೋ ಹೇಳಬೇಕೆಂದಿದ್ದ ದೂರನ್ನು ಹೇಳುವವರಂತೆ ಶುರುಮಾಡಿದರು.

"ನನಗ ಮೋಸ ಮಾಡಿದಳು ನೋಡವಾ ಆಕಿ."

"ಯಾಕ್ರಿ ನೀಲಕ್ಕ?"

"ನನಗ ಮಾತು ಬರೂತನಕ ದಿನಾ ಸೋತಳು. ದಿನಾ! ನಾ ಗೆದ್ದೆ ಗೆದ್ದೆ ಅಂತ ಕುಣೀತಿದ್ದೆ ಒಳಗಿಂದೊಳಗ. ನೆಟ್ಟಗ ಬಾಯಿ ಬಿಟ್ಟು ಮಾತಾಡಾಕ ಸುರು ಮಾಡಿದೆ, ಅವತ್ತಿಂದ ಮತ್ತ ತನ್ನ ಹಳೀ ಆಟ. ಸಾಯೂತನಕ ಒಂದ ಬೀಜಾನೂ ಬಿಟ್ಟುಕೊಡಲಿಲ್ಲ, ಖೋಡಿ ಮುದುಕಿ!"

ಹೇಳಿ ನಕ್ಕರು. ನಗು ಮುಖದ ಒಂದು ಬದಿಗೆ ಮೊದಲು ಬಂತು. ಇನ್ನೊಂದು ಬದಿಗೆ ಸ್ವಲ್ಪ ತಡಮಾಡಿ ಬಂತು, ಬಂದ ಮೇಲೆ ಬಹಳ ಹೊತ್ತು ಅಲ್ಲೇ ಇತ್ತು.